ಮಾಲ್ಟ್ ಮುಂದೆ, ಮಸಾಲೆ ಹಿಂದೆ: ಚಳಿಗಾಲದ ಏಲ್ ಕುರಿತು ಪ್ರಶ್ನೋತ್ತರ

ಕ್ರಾಫ್ಟ್ ಬ್ರೂವರಿಗಳು ವರ್ಷಕ್ಕೊಮ್ಮೆ ಹೊರತರುವ ಚಳಿಗಾಲದ ಏಲ್‌ಗಳ (ಬೆಚ್ಚಗೆ ಹುದುಗಿಸಿದ ಬಿಯರ್‌ಗಳ) ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳನ್ನು ಈ ಬಾರಿ ಎತ್ತಿಕೊಂಡಿದ್ದೇವೆ. ಕುಡಿಯುವವರೂ ಕೇಳಿದ್ದಾರೆ, ಸ್ವತಃ ತಯಾರಿಸುವವರೂ ಕೇಳಿದ್ದಾರೆ. ಮನೆಯಲ್ಲಿ ಬಿಯರ್ ಮಾಡಲು ಕೆಲವು ಕಡೆ ಅನುಮತಿಯಿದೆ, ಕೆಲವು ಕಡೆ ಇಲ್ಲ. ನೀವಿರುವಲ್ಲಿನ ಕಾನೂನು ಏನೆಂದು ತಿಳಿದುಕೊಂಡೇ ಕೈಹಾಕಿ.

ಪ್ರಶ್ನೆ: ಚಳಿಗಾಲದ ಏಲ್ ಎಂಬ ಹೆಸರಿನ ಮೂರು ಬಿಯರ್ ಕುಡಿದೆ. ಒಂದು ಚಕ್ಕೆ-ಶುಂಠಿ ಘಮಘಮ, ಇನ್ನೊಂದು ಬರೀ ಕಹಿ, ಮತ್ತೊಂದು ಕಪ್ಪಗೆ ಸಿಹಿ. ಇದಕ್ಕೆ ಇಂಥದ್ದೇ ಲಕ್ಷಣ ಅಂತ ಇಲ್ಲವೇ?

ಉತ್ತರ: ಇಲ್ಲ. ಈ ಕಾಲಕ್ಕೆಂದು ಮಾಡಿದ್ದೆಲ್ಲ ಆ ಹೆಸರಿನಡಿ ಬರುತ್ತದೆ. ಇಂಗ್ಲೆಂಡಿನ ವಿಂಟರ್ ವಾರ್ಮರ್‌ನಲ್ಲಿ ಸಾಮಾನ್ಯವಾಗಿ ಮಸಾಲೆಯೇ ಇರುವುದಿಲ್ಲ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯೇ ಮಾಲ್ಟ್; ಅದರೊಳಗಿನ ಸಕ್ಕರೆ ಕಂದಿಸಿದ ಕ್ರಿಸ್ಟಲ್ ಮಾಲ್ಟ್ ಕೊಡುವ ಟಾಫಿ ಮತ್ತು ಒಣದ್ರಾಕ್ಷಿಯ ರುಚಿಯೇ ಅದರ ಜೀವ. ಸ್ಯಾಮ್ಯುಯೆಲ್ ಸ್ಮಿತ್ ಬ್ರೂವರಿಯ ವಿಂಟರ್ ವೆಲ್‌ಕಮ್ ಶೇ. 6 ಆಲ್ಕೋಹಾಲ್‌ನದು, ಈ ಜಾತಿಗೆ ಒಳ್ಳೆಯ ಮಾದರಿ. ಬೆಲ್ಜಿಯಂನವರದು ಇನ್ನೂ ಬಿರುಸು: ಸೇಂಟ್ ಬರ್ನಾರ್ಡಸ್ ಕ್ರಿಸ್‌ಮಸ್ ಏಲ್ ಶೇ. 10, ಡಿ ಡೋಲೆ ಬ್ರೂವರಿಯ ಸ್ಟಿಲ್ಲೆ ನಾಖ್ಟ್ ಶೇ. 12. ಬೆಲ್ಜಿಯಂನ ಇಂಥ ಏಲ್‌ಗಳಲ್ಲಿ ಹಣ್ಣು, ಮೆಣಸು, ಲವಂಗದಂತೆ ನಾಲಿಗೆಗೆ ತಾಗುವುದರ ಬಹುಪಾಲು ಯೀಸ್ಟ್‌ನಿಂದಲೇ ಬರುತ್ತದೆ.

ಅಮೆರಿಕದಲ್ಲಿ ಈ ಪರಿಪಾಠಕ್ಕೆ ದಾರಿ ಹಾಕಿದ್ದು ಸ್ಯಾನ್ ಫ್ರಾನ್ಸಿಸ್ಕೋದ ಆಂಕರ್ ಬ್ರೂವರಿ. 1975ರಿಂದ ಅವರು ಪ್ರತಿವರ್ಷ ಕ್ರಿಸ್‌ಮಸ್ ಏಲ್‌ನ ಪಾಕವನ್ನೂ ಲೇಬಲ್ ಮೇಲಿನ ಮರವನ್ನೂ ಬದಲಿಸುತ್ತ ಬಂದರು. 2023ರಲ್ಲಿ ಬ್ರೂವರಿಯೇ ಬಾಗಿಲು ಮುಚ್ಚಿತು. ನೀವು ಹೇಳುವ 'ಬರೀ ಕಹಿ' ಬಿಯರ್ ಬಹುಶಃ 1981ರಿಂದ ಬರುತ್ತಿರುವ ಸಿಯೆರಾ ನೆವಾಡಾ ಸೆಲೆಬ್ರೇಶನ್‌ನ ಹಾದಿಯದು. ಶೇ. 6.8ರ ಆ ಏಲ್‌ಗೆ ಮಸಾಲೆ ಸೋಕುವುದಿಲ್ಲ. ಬಿಯರ್‌ಗೆ ಕಹಿ, ಘಮ ಕೊಡುವ ಹೂವಾದ ಹಾಪ್ಸ್‌ನ ಆ ವರ್ಷದ ಹೊಸ ಕೊಯ್ಲೇ ಅದರ ಹಬ್ಬ. ಜೇನು, ಚಕ್ಕೆ, ಶುಂಠಿ ಹಾಕುವ ಶೇ. 7.5ರ ಗ್ರೇಟ್ ಲೇಕ್ಸ್ ಕ್ರಿಸ್‌ಮಸ್ ಏಲ್ ಇನ್ನೊಂದು ತುದಿ. ಕಪ್ಪಗೆ ಸಿಹಿಯಾಗಿದ್ದು ಸಾಮಿಕ್ಲಾಸ್ ಆಗಿದ್ದರೆ ಅದು ಏಲ್ ಅಲ್ಲವೇ ಅಲ್ಲ. ವರ್ಷಕ್ಕೊಂದೇ ದಿನ, ಡಿಸೆಂಬರ್ 6ರಂದು ಬ್ರೂ ಮಾಡಿ ತಿಂಗಳುಗಟ್ಟಲೆ ಮಾಗಿಸುವ ಶೇ. 14ರ ಲಾಗರ್, ಅಂದರೆ ತಣ್ಣಗೆ ಹುದುಗಿಸಿದ ಬಿಯರ್.

ಕೊಳ್ಳುವಾಗ ಹೆಸರಿಗಿಂತ ಮೊದಲು ಲೇಬಲ್‌ನಲ್ಲಿ ಎರಡು ಸಂಗತಿ ನೋಡಿ: ಆಲ್ಕೋಹಾಲ್ ಪ್ರಮಾಣ, ಮತ್ತು ಮಸಾಲೆ ಅಥವಾ ಹಾಪ್ಸ್‌ನ ಪ್ರಸ್ತಾಪ. ಒಳಗಿರುವುದು ಯಾವ ಕಡೆಯದು ಎಂದು ಅಷ್ಟರಲ್ಲೇ ಗೊತ್ತಾಗುತ್ತದೆ.

ಪ್ರಶ್ನೆ: ಮಾಲ್ಟ್‌ನಿಂದಲೇ ಬಿಯರ್ ಮಾಡಿ ಅಭ್ಯಾಸವಿದೆ. 20 ಲೀಟರ್ ಮಸಾಲೆಯ ಚಳಿಗಾಲದ ಏಲ್‌ಗೆ ಅಳತೆ ಕೊಡಿ. ಡಿಸೆಂಬರ್ ಕೊನೆಗೆ ಕುಡಿಯಲು ಸಿದ್ಧವಿರಬೇಕು.

ಉತ್ತರ: ಸೆಪ್ಟೆಂಬರ್ ಮೊದಲ ವಾರ ಶುರುಮಾಡಿ. ನವೆಂಬರ್‌ನಲ್ಲಿ ಮಾಡಿದರೆ ಕುಡಿಯಲು ಬರುತ್ತದೆ, ಆದರೆ ಆಲ್ಕೋಹಾಲ್‌ನ ಉರಿ ಇಳಿದಿರುವುದಿಲ್ಲ.

ಪೇಲ್ ಏಲ್ ಮಾಲ್ಟ್ 6 ಕೆ.ಜಿ., ಮ್ಯೂನಿಕ್ ಅರ್ಧ ಕೆ.ಜಿ., ಮಧ್ಯಮ ಬಣ್ಣದ ಕ್ರಿಸ್ಟಲ್ ಅರ್ಧ ಕೆ.ಜಿ., ಚಾಕೊಲೇಟ್ ಮಾಲ್ಟ್ 100 ಗ್ರಾಂ. ಕ್ರಿಸ್ಟಲ್ ಇದಕ್ಕಿಂತ ಹೆಚ್ಚಿಸುವ ಆಸೆ ಬೇಡ. ಒಂದು ಕೆ.ಜಿ. ಸುರಿದರೆ ಬಿಯರ್ ಅಂಟಂಟಾಗುತ್ತದೆ, ಎರಡನೆಯ ಲೋಟ ಬೇಡವೆನಿಸುತ್ತದೆ. ಮಾಲ್ಟ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದರೆ 20 ಲೀಟರ್ ನೀರನ್ನು 74 ಡಿಗ್ರಿಗೆ ಕಾಯಿಸಿ ಬೆರೆಸಿ. ಈ ಮಿಶ್ರಣ (ಮ್ಯಾಶ್) 67 ಡಿಗ್ರಿಗೆ ಬಂದು ನಿಲ್ಲುತ್ತದೆ. ಒಂದು ಗಂಟೆ ಹಾಗೇ ಬಿಡಿ. ಆಮೇಲೆ 76 ಡಿಗ್ರಿಯ 13 ಲೀಟರ್ ನೀರಿನಲ್ಲಿ ಕಾಳು ತೊಳೆದರೆ ಸುಮಾರು 26 ಲೀಟರ್ ವರ್ಟ್, ಅಂದರೆ ಮಾಲ್ಟ್‌ನ ಸಿಹಿ ರಸ, ಸಿಗುತ್ತದೆ. 90 ನಿಮಿಷ ಕುದಿಸಿ 20 ಲೀಟರಿಗೆ ಇಳಿಸಿ. ಕೊನೆಯ 60 ನಿಮಿಷ ಉಳಿದಿರುವಾಗ ಶೇ. 5 ಆಲ್ಫಾ ಆಮ್ಲವಿರುವ ಈಸ್ಟ್ ಕೆಂಟ್ ಗೋಲ್ಡಿಂಗ್ಸ್ 60 ಗ್ರಾಂ ಹಾಕಿದರೆ ಕಹಿ ಸುಮಾರು 28 ಐಬಿಯು (ಬಿಯರ್‌ನ ಕಹಿಯ ಅಳತೆ) ಆಗುತ್ತದೆ. ಈ ಮಾಲ್ಟ್‌ಗೆ ಅಷ್ಟು ಸಾಕು.

ಆರಂಭದ ಗ್ರಾವಿಟಿ (ನೀರಿಗೆ ಹೋಲಿಸಿದ ಸಾಂದ್ರತೆ; ಸಕ್ಕರೆ ಎಷ್ಟಿದೆ ಎಂದು ಇದರಿಂದ ತಿಳಿಯುತ್ತದೆ) 1.075 ಬರಬೇಕು. ಇದು ಶೇ. 70 ದಕ್ಷತೆಯ ಲೆಕ್ಕ. ಮಾಲ್ಟ್ ಹೆಚ್ಚಾದಷ್ಟೂ ಅದರಿಂದ ಸಕ್ಕರೆ ಪೂರ್ತಿ ಇಳಿಯುವುದಿಲ್ಲ, ಹಾಗಾಗಿ ಎಂದಿನ ಬಿಯರ್‌ಗಿಂತ ಕಡಿಮೆ ಬಂದರೆ ಗಾಬರಿ ಬೇಡ. ಕುದಿಸುವ ಮೊದಲೇ ಅಳೆದು ನೋಡಿ, ಕೊರತೆ ಕಂಡರೆ 300ರಿಂದ 400 ಗ್ರಾಂ ಒಣ ಮಾಲ್ಟ್ ಪುಡಿ (ವರ್ಟ್ ಒಣಗಿಸಿ ಮಾಡಿದ್ದು) ಸೇರಿಸಿ. ಹುದುಗುವಿಕೆ 1.018ಕ್ಕೆ ನಿಂತರೆ ಆಲ್ಕೋಹಾಲ್ ಶೇ. 7.5ರ ಹತ್ತಿರ.

ಯೀಸ್ಟ್ ವಿಷಯದಲ್ಲಿ ಕೈಬಿಗಿ ಮಾಡಬೇಡಿ. ಈ ಗ್ರಾವಿಟಿಯ 20 ಲೀಟರಿಗೆ ಸುಮಾರು 27,000 ಕೋಟಿ ಜೀವಕೋಶ ಬೇಕು. 11.5 ಗ್ರಾಂನ ಒಣ ಇಂಗ್ಲಿಷ್ ಏಲ್ ಯೀಸ್ಟ್ ಪೊಟ್ಟಣ ಎರಡು ಹಾಕಿ. 18 ಡಿಗ್ರಿಗೆ ತಣಿಸಿದ ವರ್ಟ್ ಅನ್ನು ಯೀಸ್ಟ್ ಹಾಕುವ ಮುಂಚೆ ಚೆನ್ನಾಗಿ ಅಲುಗಾಡಿಸಿ ಗಾಳಿ ಕೂಡಿಸಿ. ಹುದುಗು ಶುರುವಾದ ಮೇಲೆ ಮಾತ್ರ ಗಾಳಿ ಸೋಕಿಸಕೂಡದು. ಮೊದಲ ಮೂರು ದಿನ 18–19 ಡಿಗ್ರಿ ದಾಟದಂತೆ ನೋಡಿಕೊಳ್ಳಿ. ಹುದುಗು ತಾನೇ ಶಾಖ ಹುಟ್ಟಿಸುವುದರಿಂದ ಕೋಣೆಯ ಥರ್ಮಾಮೀಟರ್ ನಂಬಬೇಡಿ, ಪಾತ್ರೆಯ ಮೈಗೆ ಅಂಟಿಸಿದ್ದನ್ನು ನೋಡಿ. ಈ ಮೂರು ದಿನದಲ್ಲಿ 24 ಡಿಗ್ರಿಗೆ ಏರಿತೆಂದರೆ ಗಂಟಲು ಉರಿಸುವ ಫ್ಯೂಸೆಲ್ ಆಲ್ಕೋಹಾಲ್‌ಗಳು ಹೆಚ್ಚುತ್ತವೆ. ಅವು ಎಷ್ಟು ತಿಂಗಳಿಟ್ಟರೂ ಪೂರ್ತಿ ಹೋಗುವುದಿಲ್ಲ.

ಮಸಾಲೆ ಎಲ್ಲಿ ಎಂದು ಕೇಳುತ್ತೀರಿ. ಬಿಯರ್ ಹುದುಗಿ ಮುಗಿದ ಮೇಲೆ. ಅದರ ಕ್ರಮ ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ಕುದಿಯುವಾಗಲೇ ಲವಂಗ, ಚಕ್ಕೆ ಪುಡಿ, ಜಾಯಿಕಾಯಿ ಹಾಕಿದೆ. ಬಿಯರ್ ಈಗ ಹಲ್ಲಿನ ಔಷಧಿಯಂತಿದೆ. ತಪ್ಪಿದ್ದೆಲ್ಲಿ?

ಉತ್ತರ: ಔಷಧಿಯ ರುಚಿಗೆ ಮೂರು ಮೂಲಗಳಿವೆ. ಮೂರಕ್ಕೂ ಪರಿಹಾರ ಬೇರೆ ಬೇರೆ, ಆದ್ದರಿಂದ ಮೊದಲು ಯಾವುದೆಂದು ಗುರುತಿಸಿ.

ನಾಲಿಗೆ ಸ್ವಲ್ಪ ಜೋಮು ಹಿಡಿದಂತಾಗಿ ಬೆಚ್ಚನೆಯ ಪರಿಮಳ ಉಳಿದರೆ ಅದು ಲವಂಗದ ಯೂಜೆನಾಲ್. ಅಳತೆ ಮೀರಿದೆ, ಅಷ್ಟೇ. 20 ಲೀಟರಿಗೆ ಎರಡು ಮೂರು ಲವಂಗ ದಾಟಬಾರದು. ಬ್ಯಾಂಡೇಜ್, ಆಸ್ಪತ್ರೆಯ ನಂಜುನಿವಾರಕದ ವಾಸನೆಯಾದರೆ ಮಸಾಲೆಯ ತಪ್ಪಲ್ಲ. ನೀರಿನ ಕ್ಲೋರಿನ್ ಮಾಲ್ಟ್ ಮತ್ತು ಯೀಸ್ಟ್‌ನ ಫೀನಾಲ್‌ಗಳ ಜೊತೆ ಸೇರಿ ಕ್ಲೋರೋಫೀನಾಲ್ ಆಗಿದೆ. ಇದು ಅತ್ಯಲ್ಪವಿದ್ದರೂ ಮೂಗಿಗೆ ಬಡಿಯುತ್ತದೆ, ಕಾಲ ಕಳೆದರೂ ಹೋಗುವುದಿಲ್ಲ. ಮುಂದಿನ ಸಲ ಬಳಸುವ ನೀರಿಗೆಲ್ಲ ಮೊದಲೇ ಕ್ಯಾಂಪ್‌ಡೆನ್ ಗುಳಿಗೆ ಪುಡಿಮಾಡಿ ಹಾಕಿ. 35 ಲೀಟರಿಗೆ ಅರ್ಧ ಗುಳಿಗೆ ಸಾಕು. ಪಾತ್ರೆಗಳನ್ನು ಬ್ಲೀಚ್‌ನಿಂದ ತೊಳೆಯುವ ರೂಢಿಯಿದ್ದರೆ ಅದನ್ನೂ ಬಿಡಿ. ಮೂರನೆಯದು, ದಿನ ಕಳೆದಂತೆ ಲವಂಗ-ಹೊಗೆಯ ರುಚಿ ಹೆಚ್ಚುತ್ತ, ಬಿಯರ್ ತೆಳ್ಳಗಾಗುತ್ತ, ಬಾಟಲಿಯಲ್ಲಿ ಒತ್ತಡ ಏರುತ್ತ ಹೋದರೆ ಕಾಡು ಯೀಸ್ಟ್ ಸೇರಿದೆ ಎಂದರ್ಥ. ಅಂಥ ಬಾಟಲಿ ಒಡೆಯುವ ಅಪಾಯವಿದೆ. ದಪ್ಪ ಬಟ್ಟೆ ಸುತ್ತಿ, ತಣ್ಣಗೆ ಮಾಡಿ, ಮುಚ್ಚಳ ತೆಗೆದು ಚೆಲ್ಲಿಬಿಡಿ.

ನಿಮ್ಮದು ಮೊದಲನೆಯದೇ ಇರಬೇಕು. ಮಸಾಲೆಯಿಲ್ಲದ ಅದೇ ಬಗೆಯ ಬಿಯರ್ ಇದ್ದರೆ ಅರ್ಧಕ್ಕರ್ಧ ಬೆರೆಸಿ ನೋಡಿ, ಅಥವಾ ಮೂರು ನಾಲ್ಕು ತಿಂಗಳು ಬಿಡಿ. ಮಸಾಲೆಯ ಪರಿಮಳ ನಿಧಾನವಾಗಿ ಇಳಿಯುತ್ತದೆ.

ಕುದಿಯುವಾಗ ಹಾಕಿದ ಮಸಾಲೆಯನ್ನು ಹಿಂದಕ್ಕೆ ಪಡೆಯಲಾಗದು. ಅದಕ್ಕೇ ನಾವು ಸಾರ ತೆಗೆದು ಸೇರಿಸುವ ಕ್ರಮವನ್ನು ಒತ್ತಿ ಹೇಳುವುದು. 150 ಮಿ.ಲೀ. ವೋಡ್ಕಾಗೆ 5 ಗ್ರಾಂನ ಒಂದು ತುಂಡು ಚಕ್ಕೆ, ಎರಡು ಲವಂಗ, ಕಾಲು ಜಾಯಿಕಾಯಿಯ ತುರಿ, 15 ಗ್ರಾಂ ಹಸಿ ಶುಂಠಿ, ಬಿಳಿ ತಿರುಳು ಬಾರದಂತೆ ಹೆರೆದ ಒಂದು ಕಿತ್ತಳೆಯ ಸಿಪ್ಪೆ. ಮುಚ್ಚಿಟ್ಟು ಐದಾರು ದಿನ, ದಿನಕ್ಕೊಮ್ಮೆ ಕುಲುಕಿ, ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ. ಚಕ್ಕೆ ಪುಡಿ ಬೇಡ. ಲೋಳೆಯಾಗಿ ಫಿಲ್ಟರ್ ಕಟ್ಟುತ್ತದೆ, ಬಿಯರ್ ಕದಡುತ್ತದೆ.

ಹುದುಗಿ ಮುಗಿದ ಬಿಯರನ್ನು 100 ಮಿ.ಲೀ.ಯಂತೆ ನಾಲ್ಕು ಲೋಟಕ್ಕೆ ಹಾಕಿ. ಒಂದನ್ನು ಹಾಗೇ ಬಿಟ್ಟು, ಉಳಿದವಕ್ಕೆ ಸೂಜಿಯಿಲ್ಲದ ಸಿರಿಂಜ್‌ನಿಂದ 0.2, 0.4, 0.6 ಮಿ.ಲೀ. ಸಾರ ಬೆರೆಸಿ. 20 ಲೀಟರಿಗೆ ಇವು ಕ್ರಮವಾಗಿ 40, 80, 120 ಮಿ.ಲೀ. ಮಸಾಲೆಯಿಲ್ಲದ ಲೋಟವನ್ನು ಮೊದಲು ಕುಡಿಯಿರಿ. ಅದರ ಮಾಲ್ಟ್ ರುಚಿ ಯಾವ ಲೋಟದಲ್ಲಿ ಇನ್ನೂ ಸ್ಪಷ್ಟವಾಗಿ ಕೇಳಿಸುತ್ತದೋ ಆ ಅಳತೆ ಸರಿ. ಎರಡರ ನಡುವೆ ಅನುಮಾನ ಬಂದರೆ ಕಡಿಮೆಯದನ್ನೇ ಆರಿಸಿ. ಮಸಾಲೆಗಳ ಹೆಸರು ಬಿಡಿಬಿಡಿಯಾಗಿ ಹೇಳಲು ಸಾಧ್ಯವಾದರೆ ಆಗಲೇ ಜಾಸ್ತಿಯಾಗಿದೆ ಎನ್ನುವುದು ನಮ್ಮ ನಿಲುವು.

ಪ್ರಶ್ನೆ: 1.078ರಿಂದ ಹೊರಟ ಏಲ್ 1.032ರಲ್ಲಿ ಹತ್ತು ದಿನದಿಂದ ನಿಂತುಬಿಟ್ಟಿದೆ. ಬಾಟಲಿಗೆ ತುಂಬಲೇ?

ಉತ್ತರ: ಖಂಡಿತ ಬೇಡ. ಉಳಿದ ಸಕ್ಕರೆ ಬಾಟಲಿಯೊಳಗೆ ಹುದುಗಿದರೆ ಗಾಜು ಸಿಡಿಯುತ್ತದೆ.

ಅಳೆದದ್ದು ಬೆಳಕಿನ ಬಾಗುವಿಕೆಯಿಂದ ಸಕ್ಕರೆ ಅಳೆಯುವ ರಿಫ್ರ್ಯಾಕ್ಟೋಮೀಟರ್‌ನಲ್ಲೋ? ಹಾಗಿದ್ದರೆ ತೊಂದರೆಯೇ ಇಲ್ಲದಿರಬಹುದು. ಆಲ್ಕೋಹಾಲ್ ಇರುವ ದ್ರವದಲ್ಲಿ ಅದು ಹೆಚ್ಚು ತೋರಿಸುತ್ತದೆ, ತಿದ್ದುಪಡಿ ಲೆಕ್ಕ ಹಾಕಲೇಬೇಕು. ದ್ರವದಲ್ಲಿ ತೇಲಿಸಿ ಅಳೆಯುವ ಹೈಡ್ರೋಮೀಟರ್‌ನಲ್ಲಿ, ಗುಳ್ಳೆ ಹೋಗುವಂತೆ ಕಲಕಿ ಮತ್ತೆ ಅಳೆಯಿರಿ.

ಅಲ್ಲೂ 1.032 ಬಂದರೆ ಒಂದು ಪರೀಕ್ಷೆ ಮಾಡಿ. 200 ಮಿ.ಲೀ. ಬಿಯರ್‌ಗೆ ಒಂದು ಚಮಚ ಹೊಸ ಒಣ ಯೀಸ್ಟ್ ಹಾಕಿ 25 ಡಿಗ್ರಿಯಲ್ಲಿ ಮೂರು ದಿನ ಇಟ್ಟು, ಆಗಾಗ ಅಲುಗಾಡಿಸಿ. ಆ ಮಾದರಿಯೂ ಅಲ್ಲಿಂದ ಕದಲದಿದ್ದರೆ ವರ್ಟ್‌ನಲ್ಲಿ ಯೀಸ್ಟ್ ತಿನ್ನುವಂಥ ಸಕ್ಕರೆ ಉಳಿದಿಲ್ಲ. ಮ್ಯಾಶ್ 70 ಡಿಗ್ರಿ ಮೀರಿರಬೇಕು ಅಥವಾ ಕ್ರಿಸ್ಟಲ್ ಮಾಲ್ಟ್ ಹೆಚ್ಚಾಗಿರಬೇಕು. ಸಿಹಿ ಬಿಯರ್ ಎಂದು ಒಪ್ಪಿಕೊಳ್ಳುವುದೊಂದೇ ದಾರಿ. ಮಾದರಿ ಕೆಳಗಿಳಿದರೆ ತಪ್ಪು ಯೀಸ್ಟ್‌ನದು: ಕಡಿಮೆ ಹಾಕಿದ್ದು, ಗಾಳಿ ಸಾಲದ್ದು, ಅಥವಾ ರಾತ್ರಿ ಚಳಿಗೆ ಕೋಣೆ ತಣ್ಣಗಾಗಿ ಅದು ತಳ ಸೇರಿದ್ದು. ಕೊನೆಯದೇ ಹೆಚ್ಚು. ಪಾತ್ರೆಯನ್ನು 21 ಡಿಗ್ರಿಗೆ ತಂದು, ಸದ್ದಾಗದಂತೆ ತಿರುಗಿಸಿ ತಳದ ಯೀಸ್ಟ್ ಎಬ್ಬಿಸಿ ನಾಲ್ಕು ದಿನ ನೋಡಿ.

ಆಗಲೂ ಇಳಿಯದಿದ್ದರೆ ಒಂದು ಲೀಟರ್ ನೀರಿಗೆ 100 ಗ್ರಾಂ ಒಣ ಮಾಲ್ಟ್ ಪುಡಿ ಕುದಿಸಿ ತಣಿಸಿ, ಅದರಲ್ಲಿ ಹೊಸ ಯೀಸ್ಟ್ ಬೆಳೆಸಿ, ನೊರೆ ಉಕ್ಕಿರುವಾಗಲೇ ಸುರಿಯಿರಿ. ಶೇ. 6 ಆಲ್ಕೋಹಾಲ್ ಇರುವ ಬಿಯರ್ ಮೇಲೆ ಒಣ ಯೀಸ್ಟ್ ನೇರ ಉದುರಿಸಿದರೆ ಬಹುಪಾಲು ಏಳುವ ಮೊದಲೇ ಸಾಯುತ್ತದೆ.

ಪ್ರಶ್ನೆ: ಎರಡು ತಿಂಗಳು ಮಾಗಿಸಿ ಬಾಟಲಿಗೆ ತುಂಬಿದ ಏಲ್‌ನಲ್ಲಿ ಗುಳ್ಳೆಯೇ ಇಲ್ಲ.

ಉತ್ತರ: ದಣಿದ ಯೀಸ್ಟ್. ತುಂಬುವ ದಿನ 20 ಲೀಟರಿಗೆ 2 ಗ್ರಾಂ ಹೊಸ ಒಣ ಯೀಸ್ಟನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ ಬೆರೆಸಬೇಕಿತ್ತು. ಗ್ರಾವಿಟಿ ಮೂರು ದಿನ ಕದಲದೆ ನಿಂತಿದ್ದನ್ನು ಖಚಿತಪಡಿಸಿಕೊಂಡ ಮೇಲೆ ಸಕ್ಕರೆ 100ರಿಂದ 105 ಗ್ರಾಂ ಸಾಕು; ಈ ಬಗೆಯ ಏಲ್‌ಗೆ ಮೆಲುವಾದ ಗುಳ್ಳೆಯೇ ಚಂದ. ಈಗ ಉಳಿದಿರುವ ದಾರಿ: ಬಾಟಲಿಗಳನ್ನು 22 ಡಿಗ್ರಿಯಲ್ಲಿಟ್ಟು, ವಾರಕ್ಕೊಮ್ಮೆ ತಲೆಕೆಳಗು ಮಾಡಿ ಗಸಿ ಎಬ್ಬಿಸಿ, ಆರು ವಾರ ಕಾಯಿರಿ. ಅವಸರಪಟ್ಟು ಇನ್ನಷ್ಟು ಸಕ್ಕರೆ ಹಾಕಬೇಡಿ. ಯೀಸ್ಟ್ ತಡವಾಗಿ ಎದ್ದರೆ ಎರಡು ಪಾಲು ಸಕ್ಕರೆಯೂ ಗುಳ್ಳೆಯಾಗುತ್ತದೆ.

ಪ್ರಶ್ನೆ: ಇಂಥ ಏಲ್ ನಿಜವಾಗಿ ಮೈ ಬೆಚ್ಚಗಾಗಿಸುತ್ತದೆಯೇ?

ಉತ್ತರ: ಬೆಚ್ಚಗಾದಂತೆ ಅನಿಸುತ್ತದೆ. ಆಲ್ಕೋಹಾಲ್ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಶಾಖ ಹೊರಮೈಗೆ ಬಂದು ಅಲ್ಲಿಂದ ಕಳೆದುಹೋಗುತ್ತದೆ, ದೇಹದ ಒಳಗಿನ ಉಷ್ಣತೆ ಇಳಿಯುತ್ತದೆ. ಕುಡಿದು ಚಳಿಯಲ್ಲಿ ಹೊರಗೆ ಹೋಗುವುದು ಅಪಾಯ. ಜೊತೆಗೆ ಈ ಲೆಕ್ಕವೂ ನೆನಪಿರಲಿ: ಶೇ. 10ರ 330 ಮಿ.ಲೀ. ಬಾಟಲಿಯಲ್ಲಿ 26 ಗ್ರಾಂ ಆಲ್ಕೋಹಾಲ್ ಇದೆ, ಶೇ. 5ರ ಎರಡು ಬಾಟಲಿಗೆ ಸಮ.

ಪ್ರಶ್ನೆ: ಕೆಲವು ಬಾಟಲಿಗಳನ್ನು ಮುಂದಿನ ವರ್ಷಕ್ಕೆ ಎತ್ತಿಡಬೇಕೆಂದಿದ್ದೇನೆ. ಯಾವುದು ಬಾಳುತ್ತದೆ? ಕುಡಿಯುವಾಗ ಎಷ್ಟು ತಣ್ಣಗಿರಬೇಕು?

ಉತ್ತರ: ಹಾಪ್ಸ್ ಘಮದ ಚಳಿಗಾಲದ ಏಲ್ ಎತ್ತಿಡುವಂಥದ್ದಲ್ಲ. ಎರಡು ಮೂರು ತಿಂಗಳಲ್ಲೇ ಅದರ ಪರಿಮಳ ಮಂಕಾಗಿ ಕಹಿಯಷ್ಟೇ ಉಳಿಯುತ್ತದೆ. ಮಸಾಲೆಯದು ಒಂದು ವರ್ಷ ಕೆಡದೆ ಇರಬಹುದು, ಆದರೆ ಉತ್ತಮವಾಗುವುದು ಅಪರೂಪ. ಶೇ. 8 ದಾಟಿದ, ಮಾಲ್ಟ್ ದಟ್ಟವಾಗಿರುವ, ಗಾಢ ಬಣ್ಣದ ಏಲ್‌ಗಳೇ ಕಾಯುವುದಕ್ಕೆ ಯೋಗ್ಯ. ಬಾಟಲಿಯೊಳಗಿನ ಅಲ್ಪ ಆಮ್ಲಜನಕ ಬಣ್ಣ ತೆಳುವಾದ ಬಿಯರ್‌ಗೆ ಒದ್ದೆ ರಟ್ಟಿನ ರುಚಿ ತಂದರೆ, ಇವುಗಳಲ್ಲಿ ಶೆರಿ ವೈನ್, ಅಂಜೂರದ ಕಡೆಗೆ ಒಯ್ಯುತ್ತದೆ. ತಳದಲ್ಲಿ ಜೀವಂತ ಯೀಸ್ಟ್ ಇರುವ ಬಾಟಲಿ ಇನ್ನೂ ಒಳ್ಳೆಯದು. ಆ ಆಮ್ಲಜನಕದ ಒಂದು ಪಾಲನ್ನು ಅದೇ ಹೀರಿಕೊಳ್ಳುತ್ತದೆ.

10ರಿಂದ 13 ಡಿಗ್ರಿಯ ಕತ್ತಲ ಜಾಗದಲ್ಲಿ ನಿಲ್ಲಿಸಿಡಿ, ಮಲಗಿಸಬೇಡಿ. ಹಸಿರು, ಬಿಳಿ ಗಾಜಿನ ಬಾಟಲಿಗೆ ಬೆಳಕು ತಾಗಿದರೆ ಹಾಪ್ಸ್‌ನ ಕಹಿ ಪದಾರ್ಥ ಒಡೆದು ಗಂಧಕದ ದುರ್ನಾತ ಹುಟ್ಟುತ್ತದೆ, ಬಿಸಿಲಲ್ಲಿ ಕೆಲವೇ ನಿಮಿಷ ಸಾಕು. ಒಂದೇ ಬಾಟಲಿ ಎತ್ತಿಟ್ಟರೆ ಏನೂ ತಿಳಿಯುವುದಿಲ್ಲ. ನಾಲ್ಕಾದರೂ ಇಟ್ಟು ಆರು ತಿಂಗಳಿಗೊಂದು ತೆರೆಯಿರಿ, ರುಚಿ ಇಳಿಮುಖವೆನಿಸಿದರೆ ಉಳಿದವನ್ನು ಬೇಗ ಮುಗಿಸಿ.

ಕುಡಿಯಲೂ 10ರಿಂದ 13 ಡಿಗ್ರಿಯೇ ಸರಿ. ಫ್ರಿಜ್‌ನಿಂದ ತೆಗೆದ ಕೂಡಲೇ ಸುರಿದರೆ ಮಾಲ್ಟ್ ಮುದುಡಿ ಕಹಿ, ಉರಿ ಮಾತ್ರ ಮುಂದೆ ಬರುತ್ತವೆ. ಅರ್ಧ ಗಂಟೆ ಹೊರಗಿಡಿ. ಬಾಯಿ ಕಿರಿದಾದ, ಹೊಟ್ಟೆ ಅಗಲದ ಲೋಟಕ್ಕೆ ಒಂದೇ ಸಲ ನಿಧಾನವಾಗಿ ಬಗ್ಗಿಸಿ, ಗಸಿ ಬಾಟಲಿಯ ಕತ್ತಿಗೆ ಬರುವಾಗ ನಿಲ್ಲಿಸಿ.