ಅಮ್ಮನ ಕಷ್ಟದ ಹೊತ್ತು ಕಾಗದದ ಮೇಲೂ ಬರಲಿ

ಹಾಸನದ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ.

"ಅಮ್ಮನಿಗೆ 72 ವರ್ಷ. ಪಾರ್ಕಿನ್ಸನ್ ಕಾಯಿಲೆ. ಈಗೀಗ ಯಾರಾದರೂ ಹಿಡಿದುಕೊಳ್ಳದೆ ಎದ್ದು ನಿಲ್ಲಲು ಆಗುವುದಿಲ್ಲ. ಅಪ್ಪ ಅಂಚೆ ಇಲಾಖೆಯಲ್ಲಿದ್ದರು, ಅವರ ಕುಟುಂಬ ಪಿಂಚಣಿ ಬರುತ್ತದೆ. ಮಾತ್ರೆಗೆ ಮತ್ತು ಹಗಲು ನೋಡಿಕೊಳ್ಳುವವರ ಸಂಬಳಕ್ಕೆ ಅದು ಯಾವ ಮೂಲೆಗೂ ಸಾಲದು. ಉಳಿದದ್ದೆಲ್ಲ ನನ್ನ ಸಂಬಳದಿಂದ. ಅಮ್ಮನ ಹೆಸರಿಗೆ ವಿಮೆ ಇಲ್ಲ. ಸರ್ಕಾರದಿಂದ ಏನಾದರೂ ಸಿಗುತ್ತದಾ ನೋಡು ಎಂದು ಬೇರೆ ಊರಿನಲ್ಲಿರುವ ಅಣ್ಣ ಹೇಳುತ್ತಾನೆ. ಹೆತ್ತ ತಾಯಿಯನ್ನು ನೋಡಿಕೊಳ್ಳಲು ದುಡ್ಡು ಕೇಳುವುದಾ ಎಂದು ನನಗೆ ಮುಜುಗರ. ಏನನ್ನು ಕೇಳಬಹುದು? ಎಲ್ಲಿಂದ ಶುರು ಮಾಡಲಿ?"

ಸಂಪಾದಕರ ಉತ್ತರ:

ಮುಜುಗರದ ಮಾತು ಮೊದಲು ಮುಗಿಸಿಬಿಡೋಣ. ನೀವು ಕೇಳುತ್ತಿರುವುದು ಪ್ರೀತಿಗೆ ಕೂಲಿಯಲ್ಲ. ಇಂಥ ಕಾಯಿಲೆ ಬಂದ ಮನೆಗೆ ಖರ್ಚು ಹೆಚ್ಚು ಎಂದು ಕಾನೂನೇ ಒಪ್ಪಿಕೊಂಡು, ಇಷ್ಟು ನಿಮಗೆ ಸಲ್ಲಬೇಕು ಎಂದು ಬರೆದಿಟ್ಟಿದೆ. ಅದನ್ನು ತೆಗೆದುಕೊಂಡರೆ ಅಮ್ಮನ ಮಾತ್ರೆ ತಪ್ಪುವುದಿಲ್ಲ, ನಿಮ್ಮ ಕೆಲಸವೂ ಉಳಿಯುತ್ತದೆ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಶುರು ಮಾಡಬೇಕಾದದ್ದು ಅಂಗವೈಕಲ್ಯ ಪ್ರಮಾಣಪತ್ರದಿಂದ, ಅಂದರೆ ಯುಡಿಐಡಿ ಕಾರ್ಡ್‌ನಿಂದ. "ಅಮ್ಮನಿಗೆ ವಯಸ್ಸಾಗಿದೆ ಅಷ್ಟೆ, ಅಂಗವಿಕಲರಲ್ಲವಲ್ಲ" ಎಂದು ಎಷ್ಟೋ ಮನೆಗಳಲ್ಲಿ ಇದನ್ನು ಕೈಬಿಡುತ್ತಾರೆ. 1995ರ ಹಳೆಯ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯ ಮಾತ್ರ ಇತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಪಾರ್ಕಿನ್ಸನ್ ಆ ಪಟ್ಟಿಯಲ್ಲಿ ಹೆಸರು ಸಮೇತ ಇದೆ. ಅರ್ಜಿಯನ್ನು ಆನ್‌ಲೈನ್‌ನಲ್ಲಿ ಹಾಕಿ. ಆಮೇಲೆ ಆಸ್ಪತ್ರೆಯಲ್ಲಿ ವೈದ್ಯರು ಪರೀಕ್ಷಿಸಿ ಶೇಕಡಾವಾರು ಕೊಡುತ್ತಾರೆ. ಶೇ. 40 ಮುಟ್ಟಿದರೆ ಒಂದು ಬಾಗಿಲು ತೆರೆಯುತ್ತದೆ, ಶೇ. 80 ಮುಟ್ಟಿದರೆ ಇನ್ನೊಂದು.

ಪರೀಕ್ಷೆಯ ದಿನದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಬಹಳ ಮನೆಗಳು ಎಡವುವುದು ಇಲ್ಲೇ. ಪಾರ್ಕಿನ್ಸನ್ ಇರುವವರಿಗೆ ದಿನವಿಡೀ ಒಂದೇ ಥರ ಇರುವುದಿಲ್ಲ. ಲೆವೊಡೋಪಾ ಮಾತ್ರೆ ಕೆಲಸ ಮಾಡುವ ಹೊತ್ತಿನಲ್ಲಿ ನಡೆಯುತ್ತಾರೆ, ಮಾತಾಡುತ್ತಾರೆ. ಅದರ ಶಕ್ತಿ ಇಳಿದ ಮೇಲೆ ಕಾಲು ನೆಲಕ್ಕೆ ಅಂಟಿಕೊಂಡ ಹಾಗೆ ನಿಂತುಬಿಡುತ್ತಾರೆ. ನಾವು ಏನು ಮಾಡುತ್ತೇವೆ? ಆಸ್ಪತ್ರೆಗೆ ಹೋಗುವ ದಿನ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಟ್ಟು, ತಲೆ ಬಾಚಿ, ಒಳ್ಳೆಯ ಸೀರೆ ಉಡಿಸಿ ಕರೆದುಕೊಂಡು ಹೋಗುತ್ತೇವೆ. ಡಾಕ್ಟರು "ಹೇಗಿದ್ದೀರಮ್ಮಾ?" ಎಂದರೆ "ಚೆನ್ನಾಗಿದ್ದೀನಿ ಡಾಕ್ಟ್ರೇ" ಎಂಬ ಉತ್ತರ ಬರುತ್ತದೆ. ಆ ತಲೆಮಾರಿನ ತಾಯಂದಿರು ಬೇರೆ ಏನು ಹೇಳಿಯಾರು! ವೈದ್ಯರ ಕಣ್ಣಿಗೆ ಬೀಳುವುದು ಆ ಹತ್ತು ನಿಮಿಷ. ಕಾಗದಕ್ಕೆ ಇಳಿಯುವುದೂ ಅದೇ.

ಹಾಗಂತ ಮಾತ್ರೆ ತಪ್ಪಿಸಿ ಕರೆದುಕೊಂಡು ಹೋಗಬೇಡಿ. ಅದು ಅಪಾಯ, ಅನ್ಯಾಯ ಕೂಡ. ಅದರ ಬದಲು ಒಂದು ವಾರ ನೋಟ್‌ಬುಕ್‌ನಲ್ಲಿ ಬರೆದಿಡಿ. ಎಷ್ಟು ಗಂಟೆಗೆ ಮಾತ್ರೆ ಕೊಟ್ಟಿರಿ, ಎಷ್ಟು ಹೊತ್ತಿಗೆ ಅದರ ಬಲ ಇಳಿಯಿತು, ರಾತ್ರಿ ಬಚ್ಚಲಿಗೆ ಹೋಗಲು ಎಷ್ಟು ಸಲ ಎಬ್ಬಿಸಿದರು, ರವಿಕೆಯ ಗುಂಡಿ ಯಾರು ಹಾಕಿದರು, ತುತ್ತು ಯಾರು ತಿನ್ನಿಸಿದರು, ಎಂದು ಬಿದ್ದರು. ಹೆಚ್ಚಿಸಿ ಬರೆಯಬೇಡಿ, ಮುಚ್ಚಿಡಲೂ ಬೇಡಿ. ನರರೋಗ ತಜ್ಞರಿಗೆ ಆ ಪುಟಗಳನ್ನು ತೋರಿಸಿ, "ಯಾವ ಕೆಲಸಕ್ಕೆಲ್ಲ ಇನ್ನೊಬ್ಬರ ಸಹಾಯ ಬೇಕು ಅನ್ನುವುದನ್ನು ಚೀಟಿಯಲ್ಲಿ ಬರೆದುಕೊಡಿ" ಎಂದು ಕೇಳಿ. ಬರೀ ಕಾಯಿಲೆಯ ಹೆಸರಿರುವ ಚೀಟಿಗೂ ಇದಕ್ಕೂ ಬಹಳ ವ್ಯತ್ಯಾಸ ಇದೆ. ಅಮ್ಮನ ಎದುರಿಗೇ ಇದನ್ನೆಲ್ಲ ಹೇಳುವುದು ನಿಮಗೆ ಕಷ್ಟವಾಗುತ್ತದೆ, ಗೊತ್ತು. ಹಿಂದಿನ ದಿನವೇ ಅವರ ಹತ್ತಿರ ಕೂತು ಯಾಕೆ ಹೇಳಬೇಕು ಎಂದು ತಿಳಿಸಿ, ಒಪ್ಪಿಗೆ ತೆಗೆದುಕೊಳ್ಳಿ. ಈ ಸಲ ಶೇಕಡಾವಾರು ಕಡಿಮೆ ಬಂದರೆ ಕೈಚೆಲ್ಲಬೇಡಿ. ಇದು ಏರುತ್ತಾ ಹೋಗುವ ಕಾಯಿಲೆ, ಮುಂದೆ ಮತ್ತೆ ಪರೀಕ್ಷೆ ಮಾಡಿಸಬಹುದು.

ಆ ಕಾರ್ಡ್ ಕೈಗೆ ಬಂದರೆ ಏನು ಲಾಭ? ನಿಮ್ಮ ಮಟ್ಟಿಗೆ ದೊಡ್ಡ ಲಾಭ ಆದಾಯ ತೆರಿಗೆಯಲ್ಲಿದೆ. ಸೆಕ್ಷನ್ 80ಡಿಡಿ ಪ್ರಕಾರ, ನಿಮ್ಮನ್ನು ಅವಲಂಬಿಸಿರುವ ತಾಯಿಗೆ ಶೇ. 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇದ್ದರೆ ನಿಮ್ಮ ಆದಾಯದಲ್ಲಿ 75,000 ರೂಪಾಯಿ ಕಳೆಯಬಹುದು. ಶೇ. 80 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 1,25,000. ನೀವು ಅಮ್ಮನಿಗಾಗಿ ಖರ್ಚು ಮಾಡುತ್ತಿದ್ದರೆ ಸಾಕು, ಅದು ಎಷ್ಟೇ ಇರಲಿ, ಪೂರ್ತಿ ಮೊತ್ತ ಸಿಗುತ್ತದೆ. ನೋಡಿಕೊಳ್ಳುವವರ ಸಂಬಳಕ್ಕೆ ಯಾವ ರಸೀದಿಯೂ ಇಲ್ಲದ ನಿಮ್ಮಂಥವರಿಗೆ ಇದು ಎಷ್ಟು ಅನುಕೂಲ ನೋಡಿ.

ಇನ್ನೊಂದು 80ಡಿಡಿಬಿ. ಪಾರ್ಕಿನ್ಸನ್, ಡಿಮೆನ್ಷಿಯಾ, ಕ್ಯಾನ್ಸರ್, ಮೂತ್ರಪಿಂಡ ವೈಫಲ್ಯದಂಥ ಕೆಲವೇ ಕಾಯಿಲೆಗಳ ಚಿಕಿತ್ಸೆಗೆ ನೀವು ನಿಜವಾಗಿ ಕೊಟ್ಟ ಹಣಕ್ಕೆ ಇದು ಅನ್ವಯಿಸುತ್ತದೆ. ಅವಲಂಬಿತರು 60 ದಾಟಿದವರಾದರೆ ಮಿತಿ 1,00,000 ರೂಪಾಯಿ. ತಜ್ಞ ವೈದ್ಯರ ಚೀಟಿ ಬೇಕು. ನರಸಂಬಂಧಿ ಕಾಯಿಲೆಗೆ ಶೇ. 40ರ ಷರತ್ತು ಇಲ್ಲೂ ಇದೆ. ಕಾರ್ಡ್ ಮೊದಲು ಮಾಡಿಸಿ ಎಂದದ್ದು ಇದಕ್ಕೇ.

80ಡಿ ಅಂದರೆ ವಿಮಾ ಕಂತು ಅಂತ ಮಾತ್ರ ಎಲ್ಲರಿಗೂ ಗೊತ್ತು. ಆದರೆ 60 ದಾಟಿದ ತಂದೆ-ತಾಯಿಗೆ ವಿಮೆಯೇ ಇಲ್ಲದಿದ್ದರೆ ಅವರ ವೈದ್ಯಕೀಯ ಖರ್ಚನ್ನೇ 50,000 ರೂಪಾಯಿವರೆಗೆ ತೋರಿಸಬಹುದು. ಇದಕ್ಕೆ ಅವರು ನಿಮ್ಮನ್ನು ಅವಲಂಬಿಸಿರಬೇಕು ಅಂತಲೂ ಇಲ್ಲ. ನಗದಿನಲ್ಲಿ ಕೊಟ್ಟಿರಬಾರದು, ಅಷ್ಟೆ. ಹಾಗಾಗಿ ಇವತ್ತಿನಿಂದಲೇ ಔಷಧಿ ಅಂಗಡಿಯಲ್ಲಿ ಯುಪಿಐ ಅಥವಾ ಕಾರ್ಡ್‌ನಲ್ಲಿ ಕೊಡಿ, ಬಿಲ್ಲಿನಲ್ಲಿ ಅಮ್ಮನ ಹೆಸರು ಬರೆಸಿ. ಒಂದೇ ಬಿಲ್ಲನ್ನು ಎರಡು ಕಡೆ ತೋರಿಸಬೇಡಿ.

ಮೂರೂ ಪೂರ್ತಿಯಾಗಿ ಸಿಕ್ಕರೆ 2,75,000 ರೂಪಾಯಿ. ಶೇ. 20ರ ಹಂತದಲ್ಲಿ ತೆರಿಗೆ ಕಟ್ಟುವವರಿಗೆ ಸೆಸ್ ಸೇರಿ 57,200 ರೂಪಾಯಿ ಉಳಿತಾಯ. ಆದರೆ ಇವೆಲ್ಲ ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡರೆ ಮಾತ್ರ. ಹೊಸ ಪದ್ಧತಿಯಲ್ಲಿ ದರ ಕಡಿಮೆ, ಈ ವಿನಾಯಿತಿಗಳು ಇಲ್ಲ. 2025-26ರಿಂದ ಅಲ್ಲಿ 12 ಲಕ್ಷದವರೆಗಿನ ಸಂಬಳಕ್ಕೆ ತೆರಿಗೆಯೇ ಬೀಳುವುದಿಲ್ಲ. ನಿಮ್ಮ ಸಂಬಳ ಅದರೊಳಗೇ ಇದ್ದರೆ ಈ ಲೆಕ್ಕದ ಗೋಜೇ ಬೇಡ. ಅದಕ್ಕಿಂತ ಜಾಸ್ತಿ ಇದ್ದರೆ ಎರಡೂ ಥರ ಲೆಕ್ಕ ಹಾಕಿ ನೋಡಿ. ನಾನು ಹೇಳಿದ್ದು 1961ರ ಕಾಯ್ದೆಯ ಸೆಕ್ಷನ್ ಸಂಖ್ಯೆಗಳು. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ, ಅದರಲ್ಲಿ ಸಂಖ್ಯೆಗಳು ಬೇರೆ.

ಅಮ್ಮನಿಗೆ ಪಿಂಚಣಿ ಬರುವಾಗ ಅವಲಂಬಿತರು ಎನ್ನಬಹುದಾ ಎಂಬ ಪ್ರಶ್ನೆ ಬರುತ್ತದೆ. ಪೂರ್ತಿಯಾಗಿ ಅಥವಾ ಮುಖ್ಯವಾಗಿ ಅವಲಂಬಿಸಿರಬೇಕು ಎನ್ನುತ್ತದೆ ಕಾಯ್ದೆ. ತಿಂಗಳ ಖರ್ಚಿನಲ್ಲಿ ಹೆಚ್ಚಿನ ಪಾಲು ನಿಮ್ಮ ಖಾತೆಯಿಂದ ಹೋಗುತ್ತಿದೆ ಎಂದು ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸುವಂತಿರಲಿ.

ಕೈಗೆ ಬರುವ ಹಣದ ವಿಚಾರ. ಸಂಧ್ಯಾ ಸುರಕ್ಷಾ ಯೋಜನೆಗೆ ಓಡಾಡಬೇಡಿ. ಅದು ಬೇರೆ ಪಿಂಚಣಿ ಇಲ್ಲದ, ತೀರಾ ಕಡಿಮೆ ಆದಾಯದ ಹಿರಿಯರಿಗೆ. ಆರೈಕೆ ಮಾಡುವವರ ಭತ್ಯೆಯನ್ನು ಮಾತ್ರ ವಿಚಾರಿಸಲೇಬೇಕು. 2016ರ ಕಾಯ್ದೆಯಲ್ಲೇ ಅದರ ಮಾತಿದೆ. 2024-25ರ ರಾಜ್ಯ ಬಜೆಟ್‌ನಲ್ಲಿ ಪಾರ್ಕಿನ್ಸನ್ ಸೇರಿ ಕೆಲವು ಕಾಯಿಲೆಗಳಿಂದ ತೀವ್ರವಾಗಿ ಬಳಲುತ್ತಿರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಘೋಷಣೆಯಾಯಿತು. ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗಳ ಕಚೇರಿಗೆ ಹೋಗಿ, ಅರ್ಜಿಯನ್ನು ಬರಹದಲ್ಲಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ದಿನವಿಡೀ ಕೆಲಸಕ್ಕೆ ಸಾವಿರ ರೂಪಾಯಿ ಏನೇನೂ ಸಾಲದು, ನಿಜ. ಆದರೂ ಕೇಳುವವರು ಕಡಿಮೆಯಾದರೆ ಅದು ಹೆಚ್ಚುವುದು ಎಂದು?

ಆಸ್ಪತ್ರೆ ಖರ್ಚಿಗೆ, 70 ದಾಟಿದ ಎಲ್ಲರಿಗೂ ಆದಾಯ ನೋಡದೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಕೊಡುವ ಆಯುಷ್ಮಾನ್ ವಯ ವಂದನಾ ಕಾರ್ಡ್ 2024ರ ಅಕ್ಟೋಬರ್ 29ರಂದು ಶುರುವಾಯಿತು. ಅದು ಒಳರೋಗಿಯಾಗಿ ದಾಖಲಾದಾಗ ಮಾತ್ರ. ದಾಖಲಾಗುವ ಮೊದಲೇ ಆ ಆಸ್ಪತ್ರೆಯಲ್ಲಿ ಅದು ನಡೆಯುತ್ತದಾ ಎಂದು ಅಲ್ಲಿ ಸರ್ಕಾರಿ ಆರೋಗ್ಯ ಯೋಜನೆಗಳಿಗೆ ಸಹಾಯ ಮಾಡಲು ಇರುವ ಆರೋಗ್ಯಮಿತ್ರರ ಹತ್ತಿರ ಕೇಳಿ.

ನೀವು ಕೇಳದ ಒಂದು ವಿಷಯ ಹೇಳುತ್ತೇನೆ, ಏಕೆಂದರೆ ಇದು ತಡವಾದರೆ ಸರಿಪಡಿಸುವುದು ಬಲು ಕಷ್ಟ. ಪಾರ್ಕಿನ್ಸನ್‌ನಲ್ಲಿ ಅಕ್ಷರ ಚಿಕ್ಕದಾಗುತ್ತಾ ಬರುತ್ತದೆ. ಸಹಿ ಹೊಂದುತ್ತಿಲ್ಲ ಎಂದು ಬ್ಯಾಂಕಿನಲ್ಲಿ ಚೆಕ್ ವಾಪಸ್ ಬರಬಹುದು. ಈಗಲೇ ಹೋಗಿ ಹೊಸ ಮಾದರಿ ಸಹಿ ಕೊಡಿಸಿ, ನಾಮಿನಿ ನೋಡಿ. ಸಹಿ ಮಾಡಲು ಆಗದ ಹಿರಿಯರು ಇಬ್ಬರು ಸಾಕ್ಷಿಗಳ ಮುಂದೆ ಹೆಬ್ಬೆಟ್ಟು ಒತ್ತಿ ಹಣ ಪಡೆಯಬಹುದು. ಸಾಕ್ಷಿಗಳಲ್ಲಿ ಒಬ್ಬರು ಬ್ಯಾಂಕ್ ಅಧಿಕಾರಿಯಾಗಿರಬೇಕು. 70 ದಾಟಿದವರಿಗೆ ಮನೆ ಬಾಗಿಲಿಗೇ ಸೇವೆ ಕೊಡಿ ಎಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ನವೆಂಬರ್‌ನ ಜೀವನ ಪ್ರಮಾಣಪತ್ರಕ್ಕೂ ಅಮ್ಮನನ್ನು ಕರೆದೊಯ್ಯಬೇಕಿಲ್ಲ, ಮೊಬೈಲ್‌ನಲ್ಲಿ ಮುಖ ತೋರಿಸಿದರೆ ಸಾಕು.

ಅಧಿಕಾರ ಪತ್ರ (ಪವರ್ ಆಫ್ ಅಟಾರ್ನಿ) ಬರೆಸಿಕೊಂಡರೆ ಮುಂದಿನದೆಲ್ಲ ಸಲೀಸು ಎಂದು ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ. ನಮ್ಮ ಕರಾರು ಕಾಯ್ದೆಯ ಪ್ರಕಾರ, ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಆ ಪತ್ರದ ಬಲವೂ ಮುಗಿಯುತ್ತದೆ. ಆಮೇಲೆ ಕೋರ್ಟಿಗೆ ಹೋಗಿ ಪೋಷಕರಾಗಿ ನೇಮಕವಾಗಬೇಕು. ಅಮ್ಮ ತಿಳಿದು ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಇರುವಾಗಲೇ ಅವರ ಕಾಗದಪತ್ರಗಳನ್ನು ಅವರಿಂದಲೇ ಸರಿಮಾಡಿಸಿ.

ಕೊನೆಗೆ ಅಣ್ಣನ ವಿಚಾರ. "ಏನಾದರೂ ಸಿಗುತ್ತದಾ ನೋಡು" ಎಂದಷ್ಟೇ ಹೇಳಿ ಅವರು ಸುಮ್ಮನಿರುವುದು ನನಗೆ ಸರಿ ಕಾಣುವುದಿಲ್ಲ. 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಕಾಯ್ದೆ ಮಗ, ಮಗಳು ಇಬ್ಬರ ಮೇಲೂ ಹೊಣೆ ಹೊರಿಸಿದೆ. ಅದಕ್ಕೆ ಕಚೇರಿ ಮೆಟ್ಟಿಲು ಹತ್ತಬೇಕಾಗಿಲ್ಲ, ಮಾತಾಡಿ. ಅಮ್ಮನ ಔಷಧಿಯ ಒಂದು ಪಾಲನ್ನು ಅವರು ತಮ್ಮ ಖಾತೆಯಿಂದ ನೇರವಾಗಿ ಕೊಡಲಿ. ತಾವು ಕೊಟ್ಟಷ್ಟಕ್ಕೆ 80ಡಿ ವಿನಾಯಿತಿಯನ್ನು ಅವರೂ ಪಡೆಯಬಹುದು. ಯುಡಿಐಡಿ ಅರ್ಜಿಯನ್ನು ಅವರು ಕೂತಲ್ಲಿಂದಲೇ ಆನ್‌ಲೈನ್‌ನಲ್ಲಿ ತುಂಬಬಹುದು. ಆಧಾರ್ ಪ್ರತಿ, ಫೋಟೋ, ಡಾಕ್ಟರ ಚೀಟಿ ಇವತ್ತೇ ವಾಟ್ಸಾಪ್‌ನಲ್ಲಿ ಕಳಿಸಿ, "ಇದು ನಿನ್ನ ಕೆಲಸ ಅಣ್ಣ" ಎಂದು ಹೇಳಿಬಿಡಿ.