ಸಲಹೆಗಾರರ ಹೆಸರು ನೋಡಿ ಕ್ಲೈಮೇಟ್ ಫೆಲೋಶಿಪ್‌ಗೆ ಸೇರಬಹುದಾ?

ನೀವು ಕೇಳಿದ್ದು ಇಷ್ಟು. ಬಾಗಲಕೋಟೆಯಲ್ಲಿ ಬಿಇ ಮುಗಿಸಿದ್ದೀರಿ. ಹವಾಮಾನ ಬದಲಾವಣೆಗೆ ಸಂಬಂಧಪಟ್ಟ ಕೆಲಸಗಳಿಗೆ ಹುಡುಗ ಹುಡುಗಿಯರನ್ನು ತಯಾರು ಮಾಡುವ ಒಂದು ಲಾಭರಹಿತ ಸಂಸ್ಥೆಯಿಂದ ಫೆಲೋಶಿಪ್‌ಗೆ ಕರೆ ಬಂದಿದೆ. ಬ್ರೋಷರ್ ತುಂಬ ನಿರ್ದೇಶಕರು, ಸಲಹೆಗಾರರ ಫೋಟೋ ಇವೆ, ಅವರನ್ನು ನಂಬಿ ಒಂದು ವರ್ಷ ಕೊಡಬಹುದಾ ಅಂತ. ನಾನು ವಿಜಯಪುರದಲ್ಲಿ ಇಂಥದ್ದೇ ಒಂದು ಸಣ್ಣ ಟ್ರಸ್ಟ್‌ನಲ್ಲಿ ತರಬೇತಿ ನೋಡಿಕೊಳ್ಳುತ್ತೇನೆ, ಹಾಗಾಗಿ ಒಳಗಿನ ವಿಷಯ ಹೇಳುತ್ತೇನೆ.

ಫೋಟೋ ಎಲ್ಲ ಒಂದೇ ಸೈಜಿನಲ್ಲಿ ಹಾಕಿರುತ್ತಾರೆ, ಜವಾಬ್ದಾರಿ ಮಾತ್ರ ಬೇರೆ ಬೇರೆ. ಟ್ರಸ್ಟ್ ಆದರೆ ಟ್ರಸ್ಟಿಗಳು, ಸೊಸೈಟಿ ಆದರೆ ಆಡಳಿತ ಮಂಡಳಿ, 2013ರ ಕಂಪನಿ ಕಾಯ್ದೆಯ ಸೆಕ್ಷನ್ 8ರ ಕೆಳಗೆ ಲಾಭರಹಿತ ಕಂಪನಿಯಾಗಿ ನೋಂದಣಿ ಆಗಿದ್ದರೆ ನಿರ್ದೇಶಕರು. ಲೆಕ್ಕಪತ್ರಕ್ಕೆ ಸಹಿ ಹಾಕುವವರು, ದುಡ್ಡು ಎಲ್ಲಿ ಹೋಯಿತು ಅಂದರೆ ಉತ್ತರ ಕೊಡಬೇಕಾದವರು ಇವರು. ಸಲಹೆಗಾರರ ಮೇಲೆ ಆ ಹೊರೆ ಇರುವುದಿಲ್ಲ. ಒಂದು ಇಮೇಲ್‌ಗೆ ‘ಆಗಲಿ’ ಅಂದರೂ ಹೆಸರು ಬಂದುಬಿಡುತ್ತದೆ, ಆಮೇಲೆ ವರ್ಷಗಟ್ಟಲೆ ಮೀಟಿಂಗ್‌ಗೆ ಬರದಿದ್ದರೂ ಯಾರೂ ಕೇಳುವುದಿಲ್ಲ. ಆದ್ದರಿಂದ ಮೊದಲು ಸಹಿ ಹಾಕುವವರು ಯಾರು ಅಂತ ಹುಡುಕಿ. ಸೆಕ್ಷನ್ 8 ಕಂಪನಿ ಆದರೆ ಕಂಪನಿ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ ನಿರ್ದೇಶಕರ ಹೆಸರು ಸಿಗುತ್ತದೆ. ಸ್ವಯಂಸೇವಾ ಸಂಸ್ಥೆಗಳ ವಿವರ ಇರುವ ನೀತಿ ಆಯೋಗದ ಎನ್‌ಜಿಒ ದರ್ಪಣ್ ತಾಣದಲ್ಲೂ ಒಮ್ಮೆ ನೋಡಿ. ಬ್ರೋಷರ್‌ನಲ್ಲಿರುವ ಹೆಸರಿಗೂ ಅಲ್ಲಿರುವ ಹೆಸರಿಗೂ ತಾಳೆ ಆಗದಿದ್ದರೆ ಫೋನ್ ಮಾಡಿ ಕೇಳಿ. ಕೇಳಲು ಸಂಕೋಚ ಬೇಡ, ನೀವು ಕೊಡುತ್ತಿರುವುದು ಒಂದು ವರ್ಷ.

ಇಷ್ಟು ನೋಡಿದರೆ ಸಂಸ್ಥೆ ನಿಜವಾದದ್ದಾ ಅನ್ನುವುದು ಗೊತ್ತಾಗುತ್ತದೆ. ನಿಮಗೆ ಉಪಯೋಗಕ್ಕೆ ಬರುತ್ತದಾ ಅನ್ನುವುದು ಬೇರೆ ಪ್ರಶ್ನೆ, ನನಗೆ ಅದೇ ಮುಖ್ಯ. ಇಂಥ ಸಂಸ್ಥೆಗಳಲ್ಲಿ ಮುಂದಾಳುಗಳು ಯಾವ ಕಡೆಯಿಂದ ಬಂದಿದ್ದಾರೋ ತರಬೇತಿಯೂ ಆ ಕಡೆಗೇ ವಾಲುತ್ತದೆ. ಅಮೆರಿಕದಲ್ಲಿ ಹವಾಮಾನದ ಕೆಲಸಕ್ಕೆ ಬರುವವರಿಗೆ ನೆರವಾಗುವ ವರ್ಕ್ ಆನ್ ಕ್ಲೈಮೇಟ್ ಅಂತ ಒಂದು ಲಾಭರಹಿತ ಸಂಸ್ಥೆ ಇದೆ. 2020ರಲ್ಲಿ ಗೂಗಲ್ ಬಿಟ್ಟು ಬಂದ ಯೂಜೀನ್ ಕಿರ್ಪಿಚೋವ್ ಮತ್ತು ಕಸಾಂಡ್ರಾ ಶಿಯಾ ಕಟ್ಟಿದ್ದು. ಒಳ್ಳೆ ಕೆಲಸ ಇದ್ದವರು ಅದನ್ನು ಬಿಟ್ಟು ಈ ಕ್ಷೇತ್ರಕ್ಕೆ ಬರಬೇಕು ಅಂದಾಗ ಏನು ಕಷ್ಟ ಆಗುತ್ತದೆ ಅಂತ ಅವರಿಗೆ ಸ್ವಂತ ಅನುಭವದಿಂದ ಗೊತ್ತು. ನಿಮ್ಮದು ಇನ್ನೂ ಮೊದಲ ಕೆಲಸ. ಅದೂ ಬಾಗಲಕೋಟೆಯಲ್ಲಿ ಕೂತು ಹುಡುಕುತ್ತಿದ್ದೀರಿ. ನಿಮಗೆ ಬೇಕಾದ ಸಲಹೆಗಾರರೇ ಬೇರೆ.

ನಮ್ಮ ಸುತ್ತಮುತ್ತ ಏನಿದೆ ನೋಡಿ. ಗುಡ್ಡಗಳ ಮೇಲೆ ಗಾಳಿಯಂತ್ರಗಳು, ಆಲಮಟ್ಟಿಯಲ್ಲಿ 290 ಮೆಗಾವ್ಯಾಟ್ ಜಲವಿದ್ಯುತ್, ಕೂಡಗಿಯಲ್ಲಿ 2400 ಮೆಗಾವ್ಯಾಟ್ ಕಲ್ಲಿದ್ದಲು ಸ್ಥಾವರ, ಬೆಳಗಾವಿ ಬಾಗಲಕೋಟೆ ತುಂಬ ಸಕ್ಕರೆ ಕಾರ್ಖಾನೆಗಳು, ಅವುಗಳಲ್ಲಿ ಎಥನಾಲ್, ಕೋಜನ್ (ಕಬ್ಬು ಅರೆದು ಉಳಿದ ಸಿಪ್ಪೆ, ಅಂದರೆ ಬಗಾಸ್, ಉರಿಸಿ ಹಬೆ, ಕರೆಂಟ್ ಎರಡನ್ನೂ ತಯಾರಿಸುವುದು). 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿ ಊರುಗಳೇ ಮುಳುಗಿದವು. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಯಿತು. ಹವಾಮಾನದ ಕೆಲಸ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಪಾಠಶಾಲೆ ಬೇಕಾ? ಆದರೂ ಎಷ್ಟೋ ಸಲಹಾ ಮಂಡಳಿಗಳಲ್ಲಿ ಇದರ ಯಾವ ಮೂಲೆಯವರೂ ಇರುವುದಿಲ್ಲ. ಪ್ರಾಧ್ಯಾಪಕರು, ಬೆಂಗಳೂರಿನ ಕನ್ಸಲ್ಟೆಂಟ್‌ಗಳು, ದುಡ್ಡು ಕೊಟ್ಟ ಕಂಪನಿಯವರು ಇರುತ್ತಾರೆ. ಅವರೂ ಬೇಕು. ಕೆಲಸ ಕೊಡುವವರು ಒಬ್ಬರೂ ಇಲ್ಲದಿದ್ದರೆ ಮಾತ್ರ ಕೊನೆಗೆ ಸರ್ಟಿಫಿಕೇಟ್ ಹಿಡಿದು ಮನೆಗೆ ಬರಬೇಕಾಗುತ್ತದೆ.

ನಮ್ಮಲ್ಲಿ ಒಬ್ಬರು ಸಲಹೆಗಾರರಿದ್ದಾರೆ, ಸಕ್ಕರೆ ಕಾರ್ಖಾನೆಯ ಕೋಜನ್ ವಿಭಾಗದಲ್ಲಿ ದುಡಿದು ನಿವೃತ್ತರಾದ ಎಂಜಿನಿಯರ್. ಮೀಟಿಂಗ್‌ಗೆ ಬಂದವರೇ ಸಿಲಬಸ್ ತೆಗೆದುಕೊಂಡು ಪೆನ್ಸಿಲ್ ಹಿಡಿದರು. ಕಾರ್ಬನ್ ಮಾರುಕಟ್ಟೆ (ಇಂಗಾಲ ಹೊರಸೂಸುವ ಹಕ್ಕುಗಳ ಕೊಡುಕೊಳ್ಳುವಿಕೆ) ಬಗ್ಗೆ ಇದ್ದ ತರಗತಿಗಳಲ್ಲಿ ಒಂದನ್ನು ಉಳಿಸಿ ಮಿಕ್ಕಿದ್ದಕ್ಕೆ ಗೀಟು ಹಾಕಿದರು. ಪಕ್ಕದಲ್ಲಿ ‘ಸಿಂಗಲ್ ಲೈನ್ ಡಯಾಗ್ರಾಂ ಓದುವುದು’ (ವಿದ್ಯುತ್ ಸಂಪರ್ಕದ ಸರಳ ನಕ್ಷೆ), ‘ಬಗಾಸ್ ತೇವ, ಬಾಯ್ಲರ್ ಲಾಗ್‌ಬುಕ್’ ಅಂತ ಬರೆದರು. ಆಮೇಲೆ ತಾರೀಖು ನೋಡಿ, ‘ಡಿಸೆಂಬರ್‌ಕ್ಕ ಮುಗಸ್ತೀರೇನು? ಕಬ್ಬಿನ ಸೀಸನ್ ಚಾಲೂ ಆಗೂದಕ್ಕಿಂತ ಮೊದಲ ಹುಡುಗರನ್ನ ಕಳಸ್ರಿ, ಆಮ್ಯಾಲ ಬಂದ್ರ ಯಾರೂ ತಗೊಳ್ಳಂಗಿಲ್ಲ’ ಅಂದರು. ಇಡೀ ಕೋರ್ಸ್ ಸೆಪ್ಟೆಂಬರ್‌ಗೆ ಮುಗಿಯುವ ಹಾಗೆ ಹಿಂದಕ್ಕೆ ಸರಿಯಿತು. ಅವರ ಹೆಸರು ಯಾವ ಪೇಪರ್‌ನಲ್ಲೂ ಬಂದಿಲ್ಲ. ನನ್ನ ಮಟ್ಟಿಗೆ ಸಲಹೆಗಾರರು ಅಂದರೆ ಅವರು. ಆ ದಿನ ಅವರ ಮಾತು ಕೇಳಿ ತಾರೀಖು ಬದಲಿಸಲು ಒಪ್ಪಿದ ಟ್ರಸ್ಟಿಗಳನ್ನೂ ನಾನು ಅಷ್ಟೇ ಮೆಚ್ಚುತ್ತೇನೆ, ಯಾಕೆಂದರೆ ಫಂಡ್ ಕೊಟ್ಟವರಿಗೆ ಆಗಲೇ ಬೇರೆ ತಾರೀಖು ಹೇಳಿ ಆಗಿತ್ತು, ಅವರ ಹತ್ತಿರ ಹೋಗಿ ಮತ್ತೆ ಮಾತಾಡಬೇಕಿತ್ತು.

ಹಾಗಾಗಿ ನಿಮ್ಮ ಸಂಸ್ಥೆಯವರಿಗೆ ಇದನ್ನೇ ಕೇಳಿ: ಕಳೆದ ವರ್ಷ ಸಲಹೆಗಾರರು ಹೇಳಿದ್ದರಿಂದ ಏನು ಬದಲಾಯಿತು? ಒಂದು ಉದಾಹರಣೆ ಸಾಕು. ಮೀಟಿಂಗ್ ಮಾಡುವ ಸಂಸ್ಥೆ ಆದರೆ ತಟ್ಟನೆ ಹೇಳುತ್ತಾರೆ. ತಡವರಿಸಿದರೆ ಮಂಡಳಿ ಬರೀ ಕಾಗದದ ಮೇಲಿದೆ ಅಂತ ತಿಳಿಯಿರಿ.

ಹೆಣ್ಣುಮಕ್ಕಳು ಓದುತ್ತಿದ್ದರೆ ಅವರಿಗೂ ಒಂದು ಮಾತು. ಸೈಟ್‌ನಲ್ಲಿ ದುಡಿದ ಹೆಂಗಸು ಒಬ್ಬರಾದರೂ ಆ ಮಂಡಳಿಯಲ್ಲಿ ಇದ್ದಾರಾ ನೋಡಿ. ಗಾಳಿಯಂತ್ರದ ಸೈಟ್‌ನಲ್ಲಿ ಶೌಚಾಲಯ ಎಲ್ಲಿ, ರಾತ್ರಿ ಪಾಳಿಗೆ ಗಾಡಿ ಇದೆಯಾ, ಉಳಿಯಲು ಜಾಗ ಯಾವುದು, ಇದನ್ನೆಲ್ಲ ಅಂಥವರು ಇದ್ದರೇ ಮೊದಲೇ ಕೇಳುತ್ತಾರೆ. ಒಳ್ಳೆ ಮಾರ್ಕ್ಸ್ ಬಂದ ಹುಡುಗಿಯರು ಇದೇ ಕಾರಣಕ್ಕೆ ವಾಪಸ್ ಬರುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಇನ್ನು ದೊಡ್ಡ ಕಂಪನಿಯ ಸಿಎಸ್‌ಆರ್ ದುಡ್ಡು, ಅಂದರೆ ಸಮಾಜದ ಕೆಲಸಕ್ಕೆ ಕೊಡುವ ದುಡ್ಡು, ಇದೆ ಅಂತ ಬ್ರೋಷರ್‌ನಲ್ಲಿ ಬರೆದಿದ್ದರೆ ಅದು ತಪ್ಪೇನಲ್ಲ. ಕಂಪನಿ ಕಾಯ್ದೆಯ ಸೆಕ್ಷನ್ 135ರ ಪ್ರಕಾರ ಒಂದು ಮಟ್ಟಕ್ಕಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2% ಇಂಥ ಕೆಲಸಕ್ಕೆ ಖರ್ಚು ಮಾಡಬೇಕು. ಆ ದುಡ್ಡು ಎಷ್ಟು ವರ್ಷಕ್ಕೆ ಅಂತ ಕೇಳಿ, ಫೆಲೋಶಿಪ್ ನಡುವೆ ಸ್ಟೈಪೆಂಡ್ ನಿಂತರೆ ಕಷ್ಟ.

ಕೊನೆಗೆ ಕಳೆದ ಬ್ಯಾಚಿನ ಇಬ್ಬರು ಮೂವರ ನಂಬರ್ ಕೇಳಿ, ಅವರ ಒಪ್ಪಿಗೆ ಪಡೆದು ಕೊಡಲಿ. ಚೆನ್ನಾಗಿ ಕೆಲಸ ಸಿಕ್ಕವರ ಜೊತೆಗೆ ಸಿಗದವರ ನಂಬರ್ ಕೂಡ ಕೇಳಿ. ಅವರಿಗೆ ಫೋನ್ ಮಾಡಿದಾಗ ‘ಕೋರ್ಸ್ ಹೇಗಿತ್ತು’ ಅಂತ ಸುಮ್ನೆ ಕೇಳಬೇಡಿ, ಕೆಲಸ ಸಿಗದಿದ್ದಾಗ ಸಂಸ್ಥೆಯಿಂದ ಯಾರು ಫೋನ್ ಮಾಡಿದರು ಅಂತ ಕೇಳಿ.