ಸಾವಿನ ಹಾಡು ಕೇಳಿದರೆ ಮಗ ಕೆಡುತ್ತಾನಾ?

ಪ್ರಶ್ನೆ: ಅಕ್ಕಾ, ಮಂಡಿಪೇಟೆಯಲ್ಲಿ ನಮ್ಮದು ಬಟ್ಟೆ ಅಂಗಡಿ. ಡಿಪ್ಲೊಮಾ ಓದುವ ಮಗ ಹೊತ್ತುಗೊತ್ತಿಲ್ಲದೆ ಸ್ಪ್ಯಾನಿಶ್ ರ್‍ಯಾಪ್ ಹಾಕಿಕೊಂಡಿರುತ್ತಾನೆ. ವೆನೆಜುವೆಲಾದ ಕಾನ್ಸರ್ಬೆರೋ ಅಂತೆ, 'ಎಸ್ ಎಪಿಕೊ' ಅನ್ನೋ ಹಾಡಂತೆ. ಒಬ್ಬ ಸೇಡು ತೀರಿಸಿಕೊಳ್ಳಲು ಹೋಗಿ ಸಾಯುತ್ತಾನೆ, ಕಥೆ ನರಕದಲ್ಲಿ ಮುಂದುವರಿಯುತ್ತದೆ. ಹಾಡಿದವನೂ ಈಗ ಇಲ್ಲವಂತೆ. ದೀಪ ಹಚ್ಚುವ ಹೊತ್ತಲ್ಲಿ ಇದೇನು ಅಂತ ನನ್ನ ಹೆಂಡತಿಗೆ ಭಯ. ನಿಲ್ಲಿಸು ಅನ್ನಲೇ?
– ಒಬ್ಬ ತಂದೆ, ದಾವಣಗೆರೆ

ಉತ್ತರ: ಬೇಡ ಅಣ್ಣಾ. ದೀಪದ ಹೊತ್ತಲ್ಲಿ ಸೌಂಡ್ ಕಮ್ಮಿ ಮಾಡು ಅನ್ನಿ, ಸಾಕು.

ಆ ಹಾಡಿರುವ ಆಲ್ಬಂ 2012ರದು. ಹೆಸರೇ 'ಮುಯೆರ್ತೆ', ಅಂದರೆ ಸಾವು. ಅದಕ್ಕೆ ಮುಂಚೆ 'ವಿದಾ', ಬದುಕು ಅಂತಲೂ ಒಂದು ತಂದಿದ್ದ. ಆ ವರ್ಷಗಳಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಕೊಲೆ ನಡೆಯುತ್ತಿದ್ದ ದೇಶಗಳಲ್ಲಿ ವೆನೆಜುವೆಲಾ ಒಂದು. ಕೊಂದವರು ಸಿಕ್ಕಿಬೀಳುವುದೇ ಅಪರೂಪ. ಇಲ್ಲಿ ನ್ಯಾಯ ಸಿಗದಿದ್ದರೆ ಲೆಕ್ಕ ಚುಕ್ತಾ ಆಗೋದೆಲ್ಲಿ? ಅದಕ್ಕೇ ಇರಬೇಕು, ಹಾಡು ನರಕದ ತನಕ ಹೋಗುತ್ತದೆ. ನಮಗಾದರೆ ಇನ್ನೊಂದು ಜನ್ಮದ ಸಮಾಧಾನ ಇದೆ. ಕ್ರೈಸ್ತರ ನಂಬಿಕೆಯಲ್ಲಿ ಬದುಕು ಒಂದೇ, ಆಮೇಲೆ ತೀರ್ಪು. ಸೇಡನ್ನು ದೊಡ್ಡಸ್ತಿಕೆ ಮಾಡುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಅದನ್ನು ಮಗನಿಗೂ ಹೇಳಿ.

ಕಾನ್ಸರ್ಬೆರೋ ತೀರಿಕೊಂಡಿದ್ದು 2015ರ ಜನವರಿಯಲ್ಲಿ. ಬರೀ 26 ವಯಸ್ಸು. ಗೆಳೆಯನನ್ನು ಕೊಂದು ತಾನೂ ಮೇಲಿಂದ ಹಾರಿದ ಅಂತ ಆಗ ಹೇಳಿದರು. ಅಭಿಮಾನಿಗಳು ನಂಬಲಿಲ್ಲ. 2023ರ ಡಿಸೆಂಬರಿನಲ್ಲಿ ಅಲ್ಲಿನ ಸರ್ಕಾರಿ ಪ್ರಾಸಿಕ್ಯೂಟರೇ ಅವನದೂ ಕೊಲೆ ಅಂದರು. ಅಷ್ಟು ವರ್ಷ ಸತ್ತವನ ಮೇಲೆ ಕೊಲೆಗಾರ ಅನ್ನೋ ಹೆಸರೇ ಇತ್ತು. ಓದಿ ಹೊಟ್ಟೆ ಉರಿಯಿತು ನನಗೆ.

ಮೆಕ್ಸಿಕೋದ ಹಾಡುಗಳ ರೀತಿ ಬೇರೆ. ಅಲ್ಲಿ 'ಸಾಂತಾ ಮುಯೆರ್ತೆ' ಅಂತ ಸಾವನ್ನೇ ದೇವತೆ ಮಾಡಿಕೊಂಡಿದ್ದಾರೆ. ನಿಲುವಂಗಿ ತೊಟ್ಟ ಅಸ್ಥಿಪಂಜರ, ಕೈಯಲ್ಲಿ ಕುಡುಗೋಲು. ಚರ್ಚ್ ಒಪ್ಪಲ್ಲ, ಜನ ಬಿಡಲ್ಲ. 'ಕಾರ್ತೆಲ್ ದೆ ಸಾಂತಾ' ಅನ್ನೋ ರ್‍ಯಾಪ್ ಗುಂಪು ಅವಳ ಮೇಲೇ ಹಾಡು ಕಟ್ಟಿದೆ. ಇನ್ನು ಮೆಕ್ಸಿಕೋದ ಜನ ನವೆಂಬರ್ 1 ಮತ್ತು 2ರಂದು ಸತ್ತವರ ಫೋಟೋ ಇಟ್ಟು, ಅವರಿಗೆ ಇಷ್ಟವಾದ ಊಟ ಇಟ್ಟು, ಚೆಂಡುಹೂ ಸುರಿಯುತ್ತಾರೆ. ಚೆಂಡುಹೂವಿನ ತವರೂ ಆ ಕಡೆಯೇ.

ಚಿತ್ರದುರ್ಗದ ನಮ್ಮ ಮನೆಯಲ್ಲಿ ಮಹಾಲಯ ಅಮಾವಾಸ್ಯೆಗೆ ಅಪ್ಪನಿಗೆ ಎಡೆ ಇಡುತ್ತೇವೆ. ಹೋಳಿಗೆ, ಅನ್ನ, ಸಾರು, ಎಲೆ ತುದಿಯಲ್ಲಿ ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ. ಫೋಟೋಗೆ ಅದೇ ಚೆಂಡುಹೂವಿನ ಹಾರ. ಅಮ್ಮ "ಬಂದು ಉಣ್ಣಿ" ಅಂತ ಕರೆದು ಬಾಗಿಲು ಮುಂದೆ ಮಾಡುತ್ತಾಳೆ. ನಾವೆಲ್ಲ ಹೊರಗೆ ಉಸಿರು ಬಿಗಿಹಿಡಿದು ನಿಲ್ಲುತ್ತೇವೆ. ಇನ್ನು ಸಾವಿನ ಮನೆ ಭಜನೆ ನೀವೂ ಕೇಳಿದ್ದೀರಿ. ತಾಳ ಹಾಕಿಕೊಂಡು ಬೆಳಗಿನ ತನಕ ಗೂಡು ಬಿಟ್ಟ ಹಕ್ಕಿ, ಒಡೆದ ಗಡಿಗೆ ಅಂತ ಹಾಡುತ್ತಾರೆ. ಅದನ್ನು ಕೇಳಿ ಯಾರೂ ಕೆಟ್ಟಿಲ್ಲ, ಅಲ್ವಾ?

ಮಗನ ಪಕ್ಕ ಕೂತು ಸಾಲು ಸಾಲಾಗಿ ಅರ್ಥ ಹೇಳಿಸಿಕೊಳ್ಳಿ. ಖುಷಿಯಿಂದ ಹೇಳುತ್ತಾನೆ. ಆದರೆ ಊಟ ಬಿಟ್ಟಿದ್ದರೆ, ನಿದ್ದೆಗೆಟ್ಟಿದ್ದರೆ, ಗೆಳೆಯರನ್ನು ದೂರ ಮಾಡಿದ್ದರೆ, "ಬದುಕಿ ಏನಾಗಬೇಕು" ಅಂದರೆ ಹಾಡಿನ ವಿಷಯ ಬಿಡಿ. 'ಬದುಕೋದು ಬೇಡ ಅನ್ನಿಸ್ತಿದೆಯೇನಪ್ಪಾ' ಅಂತ ನೇರವಾಗಿ ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅವನು ಮಾಡದಿದ್ದರೆ ನೀವೇ ಫೋನ್ ಮಾಡಿ.